ಏಡಿ ಬಿಟ್ಟ ಪೊರೆ

ಮೊದಲಿಗೆ ಕ್ಷಮಿಸಿ. ನನ್ನ ಅಕ್ಷರ ಚೆನ್ನಾಗಿಲ್ಲ. ಶಾಲೆಯಲ್ಲಿದ್ದಾಗ ಮೇಷ್ಟ್ರು ನನ್ನ ಪುಸ್ತಕವನ್ನು ಎತ್ತಿ ಹಿಡಿದು, "ಇದು ಬರೆದದ್ದೋ, ಇರುವೆ ಮಸಿ ತುಳಿದು ಓಡಾಡಿದ್ದೋ?" ಎಂದು ಇಡೀ ತರಗತಿಗೆ ತೋರಿಸುತ್ತಿದ್ದರು. ಮಾತೂ ಹಾಗೆಯೇ. ಎದ್ದು ನಿಂತು ಓದು ಎಂದರೆ ಮೊದಲ ಪದಕ್ಕೇ ನಿಂತುಬಿಡುತ್ತಿದ್ದೆ. ಒಂಬತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟೆ. ಇಲ್ಲಿ ಪದಗಳು ತಪ್ಪಿದ್ದರೆ ಆ ತಪ್ಪು ನನ್ನದು, ಅತ್ತೆಯದಲ್ಲ.

ಉಪ್ಪುನೀರಿನ ಟ್ಯಾಂಕು ಇಟ್ಟುಕೊಂಡವರ ಸಂಘದಿಂದ ಅತ್ತೆಗೆ ಒಂದು ಕೋರಿಕೆ ಬಂದಿತ್ತು. ಹವಳದೊಳಗೆ ಸೇರಿಕೊಳ್ಳುವ ಏಡಿಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಗುರುತಿಸುವುದು ಹೇಗೆ, ನಿಮ್ಮ ಅನುಭವ ಬರೆದುಕೊಡಿ ಎಂದು. ಅತ್ತೆ ಅದನ್ನು ನನಗೆ ದಾಟಿಸಿದರು. ಆದರೆ ಏಡಿಯ ವಿಷಯ ಬರೆಯಲು ಕೂತರೆ ಅತ್ತೆಯ ವಿಷಯ ಬರೆಯದೆ ಮುಂದೆ ಹೋಗಲು ಆಗುತ್ತಿಲ್ಲ. ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ. ಕಾಣದ್ದನ್ನು ಅತ್ತೆ ಹೇಳಿದ್ದು ಎಂದು ಹೇಳಿಯೇ ಬರೆಯುತ್ತೇನೆ.

ಅತ್ತೆ ನನ್ನ ಅಪ್ಪನ ಅಕ್ಕ. ಶಾಲೆ ಬಿಟ್ಟ ಮೇಲೆ ನಾನು ಇರುವುದು ಅವರ ಮನೆಯಲ್ಲೇ. ಬೀದಿಯವರಿಗೆಲ್ಲ ಉಪ್ಪತ್ತೆ. ಯಾವಾಗ ನೋಡಿದರೂ ನೀಲಿ ಡ್ರಮ್ಮಿನ ಮುಂದೆ ನಿಂತು ನೀರಿಗೆ ಉಪ್ಪು ಕದಡುತ್ತಿರುತ್ತಾರೆ. ಮುಂಗೈ ಮೇಲೆ ಉಪ್ಪು ಒಣಗಿ ಬಿಳಿ ಗೀರುಗಳು ಬಿದ್ದಿರುತ್ತವೆ. ರವಿಕೆ ತೋಳಿನ ಅಂಚು ಗಂಜಿ ಹಾಕಿದಂತೆ ಗರಿಗರಿಯಾಗಿರುತ್ತದೆ. ಮದುವೆಗೆ ಮುಂಚೆ ಅವರು ಒಂದು ಮತ್ಸ್ಯಾಲಯದಲ್ಲಿ ಗಾಜು ಒರೆಸುವ ಕೆಲಸದಲ್ಲಿದ್ದರಂತೆ. ನೋಡಲು ಬಂದವರು ಮೂಗು ಒತ್ತಿದ ಗುರುತು, ಮಕ್ಕಳ ಕೈಗುರುತು, ಎಲ್ಲ ಒರೆಸಬೇಕು. "ಹೊರಗಡೆ ಒರೆಸ್ತಾ ಒರೆಸ್ತಾ ಒಳಗಡೆ ಇರೋದನ್ನ ಕಲಿತೆ" ಎನ್ನುತ್ತಾರೆ. ಆ ಮತ್ಸ್ಯಾಲಯ ಮುಚ್ಚಿದ ದಿನ ಕಸಕ್ಕೆ ಹೋಗುತ್ತಿದ್ದ ಹವಳದ ಒಂದು ಚೂರನ್ನು ಊಟದ ಡಬ್ಬಿಯ ನೀರಿನಲ್ಲಿ ಹಾಕಿಕೊಂಡು ಬಂದರು. ಕಿರುಬೆರಳಿನಷ್ಟಿತ್ತಂತೆ. ಆಗ ನಾನು ಹುಟ್ಟಿರಲಿಲ್ಲ.

ಈಗ ಅದು ಎರಡೂ ಕೈ ಚಾಚಿ ತಬ್ಬುವಷ್ಟು ಬೆಳೆದಿದೆ. ಕೊಂಬೆಗೆ ಕೊಂಬೆ ಒಡೆದು, ಮೈಯೆಲ್ಲ ಗುಲಾಬಿ, ತುದಿಯಲ್ಲಿ ಮಾತ್ರ ತಿಳಿ ನೇರಳೆ. ಅದಕ್ಕೆ ಅತ್ತೆ ಇಟ್ಟ ಹೆಸರು ದೊಡ್ಡಮ್ಮ. ದೊಡ್ಡಮ್ಮನ ತುದಿಗಳನ್ನು ಕತ್ತರಿಸಿ, ಕಲ್ಲಿಗೆ ಅಂಟಿಸಿ, ಬೇರೂರಿದ ಮೇಲೆ ಮಾರುವುದು ಅವರ ಕೆಲಸ. ಚೂರುಗಳೆಲ್ಲ ಯಾರ ಯಾರದೋ ಮನೆ ಸೇರಿವೆ. ನಮ್ಮಲ್ಲಿ ಉಳಿದಿರುವುದು ದೊಡ್ಡಮ್ಮ ಒಬ್ಬಳೇ. ಅತ್ತೆಗೆ ಮಕ್ಕಳಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ಮಾವನ ಮೋಟಾರು ರಿಪೇರಿ ಅಂಗಡಿ. ಸುಟ್ಟ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುತ್ತಾರೆ. ಹಿಂದಿನ ಕೋಣೆಯಲ್ಲಿ ಟ್ಯಾಂಕುಗಳು. ಎರಡರ ನಡುವೆ ಒಂದು ಹೊಸ್ತಿಲಿದೆ. ತಾಮ್ರದ ಒಂದೇ ಒಂದು ಎಳೆಯೂ ಅದನ್ನು ದಾಟುವಂತಿಲ್ಲ. ಉಪ್ಪುನೀರಿಗೆ ತಾಮ್ರ ಬಿದ್ದರೆ ಏಡಿ, ಸಿಗಡಿ, ಹವಳ, ಯಾವುದೂ ಉಳಿಯುವುದಿಲ್ಲ. ಹೊಸ್ತಿಲ ಪಕ್ಕದಲ್ಲೇ ಮಾವನಿಗೆಂದು ಸೋಪು, ಬೋಗುಣಿ ಇಟ್ಟಿದ್ದಾರೆ.

"ನನ್ನ ಮನೆ ಒಳಗೆ ಹೋಗೋಕೆ ನಾನೇ ಕೈ ತೊಳ್ಕೊಂಡು ಅಪ್ಪಣೆ ಕೇಳಬೇಕು" ಎಂದು ಮಾವ ಬಂದವರ ಮುಂದೆಲ್ಲ ಹೇಳುತ್ತಾರೆ. ನನ್ನನ್ನು ಮೌನಗೌರಿ ಎಂದು ಕರೆಯುವುದೂ ಅವರೇ.

ಅತ್ತೆ ನನಗೆ ಮೊದಲು ಕಲಿಸಿದ್ದು ದೊಡ್ಡಮ್ಮನ ಕಾವಲುಗಾರರನ್ನು ಗುರುತು ಹಿಡಿಯುವುದು. ಕೊಂಬೆಗಳ ಸಂದಿಯಲ್ಲಿ ಎರಡು ಪುಟ್ಟ ಏಡಿಗಳು, ಗಂಡ ಹೆಂಡತಿ. ಬೆನ್ನು ಚಪ್ಪಟೆ, ಎಣ್ಣೆ ಹಚ್ಚಿದಂತೆ ನುಣುಪು, ಕೆನೆ ಬಣ್ಣದ ಮೈಮೇಲೆ ಕೆಂಪು ಚುಕ್ಕೆ. ಕಾಲುಗಳು ತೆಳ್ಳಗೆ, ಹೊಳಪಾಗಿ, ಒಂದು ಕೂದಲೂ ಇರುವುದಿಲ್ಲ. ಅವು ಹವಳದ ಲೋಳೆ ತಿಂದು ಬದುಕುತ್ತವೆ. ಅದಕ್ಕೆ ಬದಲಾಗಿ ಕೊಂಬೆಗಳ ಮೇಲೆ ಕೂತ ಕೊಳೆಯನ್ನು ಗುಡಿಸುತ್ತವೆ, ಹವಳ ತಿನ್ನಲು ಬಂದವರನ್ನು ನೂಕುತ್ತವೆ. ಮೆತ್ತನೆಯ ಬ್ರಷ್ಷನ್ನು ಹತ್ತಿರ ತಂದರೆ ಓಡುವುದಿಲ್ಲ. ಮುಂದೆ ಬಂದು ತಳ್ಳುತ್ತವೆ. "ತನ್ನ ಮನೆ ಅಂದ್ಕೊಂಡಿರೋದು ಬಾಗಿಲಿಗೆ ಬರುತ್ತೆ. ಕದಿಯೋಕೆ ಬಂದಿರೋದು ಒಳಗೆ ಹೋಗುತ್ತೆ" ಎಂದರು ಅತ್ತೆ.

ಕೆಟ್ಟದ್ದರ ಕಾಲಿನಲ್ಲಿ, ಬೆನ್ನಿನಲ್ಲಿ ಕೂದಲಿರುತ್ತದೆ. ಮೈ ದಪ್ಪ. ಇಕ್ಕಳದಂಥ ಮುಂಗಾಲುಗಳ ತುದಿ ಮಸಿಯಲ್ಲಿ ಅದ್ದಿ ತೆಗೆದಂತೆ ಕಪ್ಪು. ಬುಡದ ತೂತಿನಲ್ಲಿ ಅಡಗಿರುತ್ತದೆ, ಬೆಳಕು ಆರಿದ ಮೇಲೆ ಹೊರಗೆ ಬಂದು ಹವಳದ ಜೀವಂತ ಚರ್ಮವನ್ನು ಕೆರೆದು ತಿನ್ನುತ್ತದೆ. ಚರ್ಮ ಹೋದ ಜಾಗದಲ್ಲಿ ಸುಣ್ಣದಂತೆ ಬಿಳಿ ಎಲುಬು ಕಾಣುತ್ತದೆ. ಕೂದಲಿರುವ ಏಡಿಗಳಲ್ಲಿ ಪಾಚಿ ಮಾತ್ರ ತಿನ್ನುವ ಸಾಧುಗಳೂ ಇವೆಯಂತೆ. ಅದಕ್ಕೇ ಅತ್ತೆ ಯಾವ ಏಡಿಯನ್ನೂ ಕೊಲ್ಲುವುದಿಲ್ಲ. ಅನುಮಾನ ಬಂದದ್ದನ್ನು ಕೆಳಗಿನ ಸಣ್ಣ ಟ್ಯಾಂಕಿಗೆ ಹಾಕುತ್ತಾರೆ. ಅದರ ಹೆಸರು ಜೈಲು.

ಬಕೆಟ್ಟಿನವನು ಎಂದು ಒಬ್ಬ ಬರುತ್ತಾನೆ. ಮುಚ್ಚಳದ ಬಕೆಟ್ಟುಗಳಲ್ಲಿ ಹವಳ, ಕಲ್ಲು ತುಂಬಿಕೊಂಡು ಮನೆ ಮನೆ ತಿರುಗುವವನು. ಮಾವ ಅವನ ಪಂಪು ಸರಿಮಾಡಿಕೊಟ್ಟದ್ದಕ್ಕೆ ಒಂದು ಕಲ್ಲು ಕೊಟ್ಟು ಹೋದ. ಕಲ್ಲಿನ ತುಂಬ ತೂತು. ಹೊಸದಾಗಿ ಬಂದದ್ದನ್ನು ಬೇರೆ ನೀರಿನಲ್ಲಿ ಇಟ್ಟು, ಒಂದೊಂದು ತೂತಿಗೂ ಟಾರ್ಚು ಬಿಟ್ಟು ನೋಡುವುದು ಅತ್ತೆಯ ಕ್ರಮ. ಆ ಸಲವೂ ನೋಡಿದರು. ಕಣ್ಣನ್ನು ಕಲ್ಲಿಗೆ ತಾಗಿಸುವಷ್ಟು ಹತ್ತಿರ ತಂದು ನೋಡಿದರು. "ಏನೂ ಇಲ್ಲ, ಶುದ್ಧವಾಗಿದೆ" ಎಂದು ದೊಡ್ಡಮ್ಮನ ಬುಡಕ್ಕೆ ಒರಗಿಸಿ ಇಟ್ಟರು.

ಸ್ವಲ್ಪ ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮನ ಬುಡದಲ್ಲಿ ಉಗುರಿನಗಲದ ಬಿಳಿ ಕಂಡಿತು. ನಾನು ತೋರಿಸಿದಾಗ ಅತ್ತೆ "ಅಯ್ಯೋ, ದೊಡ್ಡಮ್ಮನ ಬುಡ ಬೆಳ್ಳಗಾಯ್ತಲ್ಲ!" ಎಂದು ಕೂಗಿಕೊಂಡರು. ಆ ಕೂಗು ಬೀದಿಗೆ ಕೇಳಿತ್ತು. ಎದುರಿನ ಟೈಲರು ಅಂಗಡಿ ಬಿಟ್ಟು ಬಂದು ಮಾವನನ್ನು ಕೇಳಿದರು.

"ನಿಮ್ಮ ದೊಡ್ಡಮ್ಮ ಹೇಗಿದಾರೆ ಈಗ? ಬುಡವೆಲ್ಲ ಬೆಳ್ಳಗಾಗಿದೆ ಅಂತ ಕೇಳಿಸ್ತು."

"ಏನ್ ಹೇಳಲಿ ಸ್ವಾಮಿ" ಎಂದರು ಮಾವ, ತಂತಿ ಸುತ್ತುತ್ತಲೇ. "ಉಪ್ಪು ಕಮ್ಮಿ ಮಾಡು ಅಂದ್ರೆ ಇವಳು ಕೇಳಲ್ಲ."

ಆ ದಿನ ನಾನೂ ನಕ್ಕೆ. ಆಮೇಲೆ ನಗುವಂಥದ್ದು ಹೆಚ್ಚೇನೂ ಆಗಲಿಲ್ಲ.

ಬಿಳಿ ಮೇಲಕ್ಕೆ ಹತ್ತತೊಡಗಿತು. ಪ್ರತಿ ಬೆಳಿಗ್ಗೆ ದೀಪ ಹಾಕಿದಾಗ ನಿನ್ನೆ ಗುಲಾಬಿಯಿದ್ದ ಜಾಗ ಇವತ್ತು ಎಲುಬಾಗಿರುತ್ತಿತ್ತು. ಕೋಣೆಯಲ್ಲಿ ಪಂಪಿನ ಸದ್ದಿನ ಕೆಳಗೆ ಇನ್ನೊಂದು ಸದ್ದಿತ್ತು. ಟಿಕ್. ಸ್ವಲ್ಪ ಹೊತ್ತು ಬಿಟ್ಟು, ಟಿಕ್. ನಾನು ಗಾಜಿಗೆ ಕಿವಿ ಇಟ್ಟರೆ ನಿಂತುಬಿಡುತ್ತಿತ್ತು. ಒಂದು ದಿನ ಮರಳಿನ ಮೇಲೆ ತೆಳ್ಳನೆಯ ಕಾಲೊಂದು ಬಿದ್ದಿತ್ತು. ನುಣುಪಾದ, ಕೆಂಪು ಚುಕ್ಕೆಯ ಕಾಲು. ಅಂದಿನಿಂದ ಕಾವಲುಗಾರರಲ್ಲಿ ಒಂದೇ ಕಾಣಿಸುತ್ತಿತ್ತು. ಅದೂ ಬುಡದ ಕಡೆಗೆ ಇಳಿಯುತ್ತಿರಲಿಲ್ಲ. ಮೇಲಿನ ಕೊಂಬೆಯಲ್ಲಿ, ಕೆಳಗೆ ಮುಖ ಮಾಡಿಕೊಂಡು ಕೂತಿರುತ್ತಿತ್ತು.

ಅತ್ತೆ ಉದ್ದನೆಯ ಚಿಮುಟ ತೆಗೆದುಕೊಂಡು ಕೂತರು. ಬಹಳ ಹೊತ್ತು ಕಾದು, ಒಂದೇ ಏಟಿಗೆ ಏಡಿಯನ್ನು ಹಿಡಿದು ಎತ್ತಿದರು.

"ಸಿಕ್ಕಿದ ಕಳ್ಳ! ನೋಡು, ಮೈಯೆಲ್ಲ ಹೆಂಗೆ ಕೂದಲು."

ನಾನು ನೋಡಿದೆ. ಕೆಂಪು ಚುಕ್ಕೆ, ಚಪ್ಪಟೆ ಬೆನ್ನು. ಒಂದು ಕೂದಲೂ ಇರಲಿಲ್ಲ.

"ಅತ್ತೆ, ಇದು ನುಣುಪಾಗಿದೆ" ಎಂದೆ.

"ನೀರಿಂದ ಮೇಲೆತ್ತಿದ್ರೆ ಕೂದಲು ಮೈಗೆ ಅಂಟ್ಕೊಳುತ್ತೆ ಮರಿ. ಸ್ನಾನ ಮಾಡಿ ಬಂದ ನಾಯಿ ನೋಡಿಲ್ವಾ?"

ಅದು ಸರಿಯಾದ ಮಾತೇ. ನೆನೆದ ಕೂದಲು ಅಂಟಿಕೊಳ್ಳುತ್ತದೆ. ಅವರ ಅನುಭವ ನನ್ನ ವಯಸ್ಸಿಗಿಂತ ದೊಡ್ಡದು. ನನಗೆ ಇನ್ನೊಂದು ಮಾತು ಹೊಳೆಯುವಷ್ಟರಲ್ಲಿ ಏಡಿ ಜೈಲಿಗೆ ಬಿದ್ದಾಗಿತ್ತು. ನಾನು ಜೈಲಿನ ಮುಂದೆ ಕೂತೆ. ಬ್ರಷ್ಷಿನ ತುದಿಯನ್ನು ನೀರಿಗೆ ಇಳಿಸಿದೆ. ಅದು ಮುಂದೆ ಬಂದು, ಎರಡೂ ಕೈಗಳಿಂದ ಬ್ರಷ್ಷನ್ನು ತಳ್ಳಿತು.

ಮೇಲೆ ದೊಡ್ಡಮ್ಮನಿಗೆ ಈಗ ಕಾವಲೇ ಇರಲಿಲ್ಲ.

ಮಧ್ಯಾಹ್ನ ಅತ್ತೆ ಮಲಗಿದ್ದಾಗ ನಾನು ಕೋಣೆಯ ದೀಪವನ್ನೆಲ್ಲ ಆರಿಸಿ, ಟ್ಯಾಂಕಿಗೆ ಕಪ್ಪು ಬಟ್ಟೆ ಹೊದಿಸಿದೆ. ಟಾರ್ಚಿಗೆ ಕೆಂಪು ಕಾಗದ ಕಟ್ಟಿದೆ. ಕೆಂಪು ಬೆಳಕು ಏಡಿಗಳಿಗೆ ಗೊತ್ತಾಗುವುದಿಲ್ಲ ಎಂದು ಹೇಳಿಕೊಟ್ಟದ್ದು ಅತ್ತೆಯೇ. ಬಟ್ಟೆಯೊಳಗೆ ತಲೆ ತೂರಿಸಿ, ಉಸಿರು ಗಾಜಿಗೆ ತಾಗದಂತೆ ಬಾಯಿ ಮುಚ್ಚಿಕೊಂಡು ಕಾದೆ.

ಮೊದಲು ಬುಡದ ಒಂದು ನೆರಳು ಸ್ವಲ್ಪ ದಪ್ಪವಾದಂತಾಯಿತು. ಆಮೇಲೆ ಆ ನೆರಳಿನಿಂದ ಒಂದು ಕಾಲು ಬಂತು. ಕಾಲಿನ ತುಂಬ ಕೂದಲು, ನೀರಿನಲ್ಲಿ ಮೆಲ್ಲಗೆ ಆಡುತ್ತಿತ್ತು. ಹಿಂದೆಯೇ ಕಪ್ಪು ತುದಿಯ ಇಕ್ಕಳ. ಅದು ಅವಸರ ಮಾಡಲಿಲ್ಲ. ಗುಲಾಬಿ ಚರ್ಮದ ಅಂಚನ್ನು ಹಿಡಿದು, ಗೋಡೆಯ ಬಣ್ಣ ಕೆರೆಯುವ ಹಾಗೆ ಕೆರೆದು ಬಾಯಿಗಿಟ್ಟುಕೊಂಡಿತು. ಟಿಕ್. ಮತ್ತೆ ಕೆರೆಯಿತು. ನಾನು ಉಗುಳು ನುಂಗಿದೆ. ಅಷ್ಟಕ್ಕೇ ಅದು ಇರಲಿಲ್ಲ. ಇದ್ದದ್ದು ಬರೀ ನೆರಳು.

ಸಂಜೆ ಅತ್ತೆಗೆ ಹೇಳಿದೆ. ನನಗೆ ಎಷ್ಟು ವಿವರವಾಗಿ ಹೇಳಲು ಬರುತ್ತದೋ ಅಷ್ಟು ಹೇಳಿದೆ. ಅವರು ಕೇಳಿ, "ಕಲ್ಲಿನ ಪಾಚಿ ಅಲ್ಲಾಡಿರುತ್ತೆ. ಕೆಂಪು ಬೆಳಕಲ್ಲಿ ಹಗ್ಗನೂ ಹಾವೇ" ಎಂದು ಉಪ್ಪು ಕದಡಲು ಹೋದರು. ನೀರಿನ ಉಪ್ಪು ಅಳೆಯುವ ಸಣ್ಣ ದುರ್ಬೀನನ್ನು ನನ್ನ ಕೈಗಿಟ್ಟು, "ನೀನೇ ನೋಡಿ ಹೇಳು, ನಿನ್ನದು ಎಳೇ ಕಣ್ಣು" ಎಂದರು. ಎಷ್ಟೋ ದಿನದಿಂದ ಹಾಗೇ ಹೇಳುತ್ತಿದ್ದರು. ಕೆಲಸ ಕಲಿಸುತ್ತಿದ್ದಾರೆ ಎಂದುಕೊಂಡಿದ್ದೆ.

ಬಿಳಿ ದೊಡ್ಡಮ್ಮನ ಅರ್ಧ ಮೈಗೆ ಬಂತು.

ಆಮೇಲೆ ಒಂದು ಬೆಳಿಗ್ಗೆ ಅತ್ತೆಯ ದನಿ ಬಹಳ ದಿನಗಳ ಮೇಲೆ ಗೆಲುವಾಗಿ ಕೇಳಿತು. "ರೀ, ಬನ್ನಿ ಇಲ್ಲಿ! ಏ ಹುಡುಗಿ, ನೀನೂ ಬಾ. ಕೈ ತೊಳ್ಕೊಂಡು ಬನ್ನಿ ರೀ!"

ಮುಂದಿನ ಗಾಜಿನ ಹತ್ತಿರ, ಮರಳಿನ ಮೇಲೆ, ಕಾಲು ಮಡಚಿಕೊಂಡು ಕೂದಲೇಡಿ ಬಿದ್ದಿತ್ತು. ಅಲ್ಲಾಡುತ್ತಿರಲಿಲ್ಲ.

"ನೀನು ನೋಡಿದ್ದು ನಿಜ ಕಣೇ. ಇನ್ನೊಂದು ಇತ್ತು. ತಾನಾಗೇ ಸತ್ತು ಬಿದ್ದಿದೆ" ಎಂದರು ಅತ್ತೆ. ಚಿಮುಟದಲ್ಲಿ ಎತ್ತಿ ನನ್ನ ಅಂಗೈ ಮೇಲೆ ಇಟ್ಟರು.

"ಅಂತೂ ದೊಡ್ಡಮ್ಮ ಗೆದ್ದಳಪ್ಪ" ಎಂದರು ಮಾವ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ.

ಅಂಗೈ ಮೇಲಿದ್ದದ್ದಕ್ಕೆ ಭಾರವೇ ಇರಲಿಲ್ಲ. ತಿರುಗಿಸಿ ನೋಡಿದೆ. ಬೆನ್ನಿನ ಹಿಂಭಾಗ ಸೀಳಿಕೊಂಡಿತ್ತು. ಕಣ್ಣಿದ್ದ ಜಾಗದಲ್ಲಿ ಪಾರದರ್ಶಕವಾದ ಎರಡು ಟೊಪ್ಪಿಗಳಿದ್ದವು. ಒಳಗೆ ಏನೂ ಇರಲಿಲ್ಲ. ಏಡಿ ಬೆಳೆಯುವಾಗ ಹಳೆಯ ಚಿಪ್ಪಿನಿಂದ ನುಸುಳಿ ಹೊರಗೆ ಹೋಗುತ್ತದೆ, ಹಾವಿನ ಹಾಗೆ. ಅದು ಸತ್ತಿರಲಿಲ್ಲ. ಆ ಚಿಪ್ಪು ಸಾಲದೆ ಹೋಗಿತ್ತು, ಅಷ್ಟೇ.

ಹೇಳಬೇಕಾದದ್ದು ಬಹಳ ಇತ್ತು. ಹೊರಗೆ ಬಂದದ್ದು ಒಂದೇ ಮಾತು.

"ಅತ್ತೆ... ಪೊರೆ."

ಅತ್ತೆಯ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಚಿಮುಟ ಟ್ಯಾಂಕಿನ ಅಂಚಿಗೆ ತಾಗಿ ಸದ್ದಾಯಿತು.

"ಯಾರು ಹೇಳಿದ್ದು ನಿಂಗೆ?"

ಅವರು ಮಾವನ ಕಡೆಗೆ ತಿರುಗಿದರು. "ನೀವು ಹೇಳಿದ್ರಾ? ಆ ಕಣ್ಣಿನ ಡಾಕ್ಟರು ನಿಮಗೆ ಸಿಕ್ಕಿದ್ರಾ?"

"ಯಾವ ಡಾಕ್ಟರು? ಯಾವ ಪೊರೆ?" ಎಂದರು ಮಾವ.

"ಏಡಿದು ಅತ್ತೆ" ಎಂದೆ. "ಏಡಿ ಪೊರೆ ಬಿಟ್ಟಿದೆ. ಸತ್ತಿಲ್ಲ."

ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕೂತರು.

"ಕಣ್ಣಿಗೆ ಪೊರೆ ಬಂದಿದೆಯಾ?" ಎಂದು ಮಾವ ಕೇಳಿದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು.

"ಎರಡಕ್ಕೂ. ಬಲಗಡೆದು ಜಾಸ್ತಿ."

"ಹೇಳಬಾರದಾಗಿತ್ತೇನೇ?"

"ಹೇಳಿದ್ರೆ ಆಪರೇಷನ್ ಅಂತೀರ. ಕಣ್ಣಿಗೆ ನೀರು ತಾಗಿಸಬಾರದು, ಬಗ್ಗಬಾರದು, ಭಾರ ಎತ್ತಬಾರದು ಅಂತಾರೆ ಅವರು. ಇವಳನ್ನ ಯಾರು ನೋಡ್ಕೋತಾರೆ?" ಎಂದು ದೊಡ್ಡಮ್ಮನ ಕಡೆ ಕೈ ತೋರಿಸಿದರು. ಆಮೇಲೆ ತಲೆ ಎತ್ತಿ ಟ್ಯೂಬ್‌ಲೈಟನ್ನು ನೋಡಿದರು. "ನಂಗೆ ಆ ಲೈಟಿಗೂ ಕೂದಲು ಕಾಣುತ್ತೆ ರೀ. ನಿಮ್ಮ ಮುಖದ ಸುತ್ತನೂ. ಎಲ್ಲದಕ್ಕೂ ಕೂದಲೇ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಹಂಗಾದ್ರೆ ಜೈಲಲ್ಲಿ ಇರೋದು ಯಾವುದು?"

"ಕಾವಲುಗಾರ" ಎಂದೆ.

ಅತ್ತೆ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವರು ಕಣ್ಣು ಮುಚ್ಚಿಕೊಂಡು, "ವಾಪಸ್ ಬಿಡು" ಎಂದಷ್ಟೇ ಹೇಳಿದರು.

ಬಿಟ್ಟೆ. ಅದು ನೇರವಾಗಿ ಮೇಲಿನ ಕೊಂಬೆಗೆ ಹೋಗಿ, ಮತ್ತೆ ಕೆಳಗೆ ಮುಖ ಮಾಡಿ ಕೂತಿತು.

ಆ ದಿನವಿಡೀ ಅತ್ತೆ ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಗಾಜಿನ ಲೋಟದಲ್ಲಿ ಸಿಗಡಿ ಚೂರು ಹಾಕಿ, ಬುಡದ ಹತ್ತಿರ ಓರೆಯಾಗಿ ಇಟ್ಟು, ಟ್ಯಾಂಕಿಗೆ ಕಪ್ಪು ಬಟ್ಟೆ ಹೊದಿಸಿದೆವು. ಏಡಿ ಒಳಗೆ ಜಾರಿದರೆ ಮೇಲೆ ಹತ್ತಲು ಆಗುವುದಿಲ್ಲ. ಕಪ್ಪು ಬಟ್ಟೆ ತೆಗೆದಾಗ ಲೋಟದಲ್ಲಿ ಕಾವಲುಗಾರನೇ ಕೂತಿದ್ದ.

"ಒಂದು ತಾಮ್ರದ ಚೂರು ಹಾಕ್ಬಿಟ್ರೆ ಎಲ್ಲ ಒಂದೇ ಸಲಕ್ಕೆ ಮುಗಿಯುತ್ತಲ್ಲ" ಎಂದರು ಮಾವ ಹೊಸ್ತಿಲ ಆಚೆಯಿಂದ.

"ದೊಡ್ಡಮ್ಮನೂ ಮುಗೀತಾಳೆ. ನೀವು ಆ ಕಡೆನೇ ಇರಿ."

ಕೊನೆಗೆ ಅತ್ತೆ ಅಂಗಡಿಯಿಂದ ಕುಡಿಯುವ ಸೋಡಾ ತರಿಸಿದರು. ಸೋಡಾವನ್ನು ಸಿರಿಂಜಿಗೆ ಎಳೆದುಕೊಂಡು ತೂತಿನೊಳಗೆ ಬಿಟ್ಟರೆ ಒಳಗಿರುವುದಕ್ಕೆ ಉಸಿರು ಕಟ್ಟಿ ಹೊರಗೆ ಓಡಿಬರುತ್ತದೆ. ಹವಳದ ಚರ್ಮಕ್ಕೆ ತಾಗದಂತೆ ಬಿಡಬೇಕು. ಹಾಗಾಗಿ ದೊಡ್ಡಮ್ಮನನ್ನು ಒಂದು ಖಾಲಿ ತೊಟ್ಟಿಗೆ ಎತ್ತಿಟ್ಟುಕೊಂಡು, ಬಿಳಿಯಾದ ಬುಡದ ತೂತುಗಳಿಗೆ ಮಾತ್ರ ಒಂದೊಂದಾಗಿ ಬಿಟ್ಟೆ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡಿದ್ದರು. ನೊರೆ ಉಕ್ಕಿತು. ಕೂದಲೇಡಿ ಓಡಿಬಂತು. ಚಿಮುಟದಲ್ಲಿ ಹಿಡಿದೆ.

ಮಾವ ಚಪ್ಪಾಳೆ ತಟ್ಟಿದರು. "ಶಭಾಷ್ ಮೌನಗೌರಿ!"

ಅತ್ತೆ ನಗಲಿಲ್ಲ. "ಆ ಪೊರೆ ಎಲ್ಲಿದೆ? ತಂದು ಪಕ್ಕದಲ್ಲಿಡು" ಎಂದರು. ತಟ್ಟೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟೆ. ಅತ್ತೆಗೆ ಸರಿಯಾಗಿ ಕಾಣುವುದಿಲ್ಲವಲ್ಲ, ಬೆರಳಿನಿಂದ ಮುಟ್ಟಿದರು. ಮೊದಲು ಏಡಿಯ ಬೆನ್ನಗಲ, ಆಮೇಲೆ ಚಿಪ್ಪಿನ ಅಗಲ. ಮತ್ತೊಮ್ಮೆ ಮುಟ್ಟಿದರು.

"ಏಡಿ ಚಿಕ್ಕದು" ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪೊರೆ ಬಿಟ್ಟ ಏಡಿ ಆ ಪೊರೆಗಿಂತ ದೊಡ್ಡದಿರುತ್ತದೆ. ಚಿಕ್ಕದಿರಲು ಸಾಧ್ಯವೇ ಇಲ್ಲ. ನಾವು ಹಿಡಿದದ್ದು ಬೇರೆ. ಆ ಪೊರೆ ಬಿಟ್ಟದ್ದು ಇನ್ನೂ ಒಳಗಿತ್ತು, ಸೋಡಾ ತಲುಪದಷ್ಟು ಆಳದಲ್ಲಿ.

ಅದೆಲ್ಲ ಆದ ಮೇಲೆ ಹಲವು ಸಲ ಸೋಡಾ ಬಿಟ್ಟಿದ್ದೇನೆ, ಲೋಟ ಇಟ್ಟಿದ್ದೇನೆ. ಅದು ಬರುವುದಿಲ್ಲ. ಬಕೆಟ್ಟಿನವನ ಕಲ್ಲನ್ನು ತೆಗೆದು ಒಡೆದು ನೋಡಿದೆವು, ಅದರಲ್ಲೂ ಇರಲಿಲ್ಲ. ಬಿಳಿ ಹತ್ತುತ್ತಲೇ ಇದೆ. ಈಗ ಗುಲಾಬಿ ಬಣ್ಣ ಉಳಿದಿರುವುದು ಮೇಲಿನ ತುದಿಗಳಲ್ಲಿ ಮಾತ್ರ. ಕಾವಲುಗಾರನಿಗೆ ನಿನ್ನೆಯಿಂದ ಒಂದು ಕಾಲಿಲ್ಲ.

ಇದನ್ನು ಬರೆಯುವ ಮುಂಚೆ ಕಣ್ಣಿನ ವಿಷಯ ಹಾಕಲೇ ಎಂದು ಅತ್ತೆಯನ್ನು ಕೇಳಿದೆ. "ಹಾಕು. ಕೂದಲಿದೆಯಾ ಅಂತ ಏಡಿನ ನೋಡೋ ಮುಂಚೆ ಲೈಟಿಗೆ ಕೂದಲಿದೆಯಾ ಅಂತ ನೋಡ್ಕೊಳ್ಳಿ ಅಂತ ಬರಿ" ಎಂದರು. ಬರೆದಿದ್ದೇನೆ. ಬ್ರಷ್ಷನ್ನು ಹತ್ತಿರ ತಂದು ನೋಡುವುದನ್ನು ಮರೆಯಬೇಡಿ ಎಂದು ನಾನು ಸೇರಿಸುತ್ತೇನೆ. ಅದಕ್ಕೆ ಒಳ್ಳೆಯ ಕಣ್ಣು ಬೇಡ. ತಳ್ಳುವುದು ಕೈಗೆ ಗೊತ್ತಾಗುತ್ತದೆ.

ಮುಂದೇನು ಎನ್ನುವುದನ್ನು ಅತ್ತೆ ಇವತ್ತು ಸಂಜೆ ತೀರ್ಮಾನಿಸಿದರು. ಟ್ಯಾಂಕಿಗೆ ಕೆನ್ನೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದರು. ಆ ಗಾಜಿನ ಮೇಲೆ ಅವರ ಕೆನ್ನೆಯ ಗುರುತು ಮೂಡಿತ್ತು. ಒರೆಸುವ ಅಭ್ಯಾಸವಿದ್ದವರು ಅದನ್ನು ಒರೆಸಲಿಲ್ಲ.

"ಮುರೀಬೇಕು" ಎಂದರು. "ಬದುಕಿರೋ ತುದಿಗಳನ್ನ ಕತ್ತರಿಸಿ ಬೇರೆ ನೀರಿಗೆ ಹಾಕು. ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿ ಹಾಕು. ಉಳಿದಿದ್ದನ್ನ ಬುಡದ ತನಕ ಒಡೆದು ಅದನ್ನ ಹುಡುಕು. ತುದಿ ಇದ್ರೆ ಮತ್ತೆ ಬೆಳೀತಾಳೆ, ಕಿರುಬೆರಳಿನಷ್ಟಿದ್ಲು ಆಗ."

"ನೀವು ಪಕ್ಕದಲ್ಲಿ ಇರಲ್ವಾ ಅತ್ತೆ?" ಎಂದು ಕೇಳಿದೆ.

"ಬೇಡಮ್ಮ. ನನ್ನ ಕಣ್ಣಿಗೆ ಕಟ್ಟು ಇರೋವಾಗ್ಲೇ ಮಾಡಿಬಿಡು. ಆ ಸದ್ದು ನಂಗೆ ಕೇಳಬಾರದು."

ಅತ್ತೆ ಕೊನೆಗೂ ಒಪ್ಪಿದ್ದಾರೆ, ನಾಳೆ ಅವರ ಬಲಗಣ್ಣಿಗೆ ಆಪರೇಷನ್. ಮಾವ ಆಸ್ಪತ್ರೆಯಲ್ಲೇ ಇರುತ್ತಾರೆ. ಅತ್ತೆಯನ್ನು ಒಳಗೆ ಕರೆದುಕೊಂಡ ಮೇಲೆ ನಾನು ಒಬ್ಬಳೇ ಮನೆಗೆ ಬರುತ್ತೇನೆ. ಹೊಸ್ತಿಲ ಬಳಿ ಕೈ ತೊಳೆದುಕೊಂಡು, ಮೊದಲು ಕಾವಲುಗಾರನನ್ನು ಬೇರೆ ನೀರಿಗೆ ಬಿಟ್ಟು, ಆಮೇಲೆ ದೊಡ್ಡಮ್ಮನನ್ನು ಎತ್ತಿ ಮುರಿಯುತ್ತೇನೆ.